ಯುನೆಸ್ಕೋದ 2005ರ ಸಾಂಸ್ಕೃತಿಕ ವೈವಿಧ್ಯ ಒಪ್ಪಂದ: ಐದಕ್ಕೆ ಮೂರು ಸ್ಟಾರ್

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಈ ಒಪ್ಪಂದ ಓದೋಕೆ ಸುಲಭ. ಒಟ್ಟು 35 ವಿಧಿಗಳು, ಕೊನೆಗೊಂದು ಚಿಕ್ಕ ಅನುಬಂಧ, ಅಷ್ಟೇ. ಯುನೆಸ್ಕೋ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಸಂಜೆ ಕಾಫಿ ಹಿಡಿದು ಕೂತರೆ ಒಂದೇ ಸಲಕ್ಕೆ ಮುಗಿಸಬಹುದು. ಇಂಥ ಕಾಗದಗಳಲ್ಲಿ ಇರುವ ಸುತ್ತುಬಳಸಿನ ಮಾತು ಇದರಲ್ಲಿ ಕಮ್ಮಿ, ಇಲ್ಲವೇ ಇಲ್ಲ ಅಂತ ಹೇಳಲಾರೆ.

ಕೊಡುವ ಭರವಸೆ ಇಷ್ಟು. ಪ್ರತಿ ದೇಶವೂ ತನ್ನ ಸಿನಿಮಾ, ಪುಸ್ತಕ, ಸಂಗೀತ, ಟಿವಿ ಇವುಗಳಿಗೆ ಬೆಂಬಲ ಕೊಡಬಹುದು. ಸಬ್ಸಿಡಿ ಕೊಡಲಿ, ಚಿತ್ರಮಂದಿರದಲ್ಲಿ ಇಷ್ಟು ದಿನ ನಮ್ಮ ಸಿನಿಮಾ ಅಂತ ಕೋಟಾ ಇಡಲಿ, ಭಾಷೆಗೆ ನಿಯಮ ಮಾಡಲಿ, ಅದು ಆ ದೇಶದ ಹಕ್ಕು. ಇದನ್ನೆಲ್ಲ ಬರೆದಿಡುವ ಅಗತ್ಯ ಏನಿತ್ತು ಅಂತೀರಾ? ಕೆನಡಾದವರನ್ನು ಕೇಳಬೇಕು. ಅಮೆರಿಕದ ಪತ್ರಿಕೆಗಳು ಅದೇ ಲೇಖನಗಳನ್ನು ಇಟ್ಟುಕೊಂಡು ಜಾಹೀರಾತು ಮಾತ್ರ ಕೆನಡಾದ್ದು ಹಾಕಿ ಅಲ್ಲಿ ಮಾರಲು ಶುರು ಮಾಡಿದವು. ಹೀಗಾದರೆ ತಮ್ಮ ಪತ್ರಿಕೆಗಳಿಗೆ ಜಾಹೀರಾತು ಎಲ್ಲಿಂದ ಬರಬೇಕು ಅಂತ ಕೆನಡಾ ಸರ್ಕಾರ ಆ ಜಾಹೀರಾತುಗಳ ಮೇಲೆ 80 ಶೇಕಡಾ ತೆರಿಗೆ ಹಾಕಿತು. ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 1997ರಲ್ಲಿ ಕೆನಡಾ ಸೋತಿತು. ವ್ಯಾಪಾರದ ಕಾನೂನಿಗೆ ಪತ್ರಿಕೆಯೂ ಒಂದೇ, ಸಾಬೂನೂ ಒಂದೇ.

ಆ ಏಟು ಕೆಲಸ ಮಾಡಿತು. ಮರುವರ್ಷ ಕೆನಡಾದ ಸಚಿವೆ ಶೀಲಾ ಕಾಪ್ಸ್ ಬೇರೆ ದೇಶಗಳ ಸಂಸ್ಕೃತಿ ಸಚಿವರನ್ನು ಒಟ್ಟಾವಾಗೆ ಕರೆದು ಒಂದು ಜಾಲ ಕಟ್ಟಿದರು. ಸರ್ಕಾರಗಳು ಮಾತ್ರ ಮಾತಾಡಿಕೊಂಡರೆ ಆಗದು ಅಂತ ಕಲಾವಿದರು, ಲೇಖಕರು, ಸಂಘಟನೆಗಳು ತಮ್ಮದೇ ಇನ್ನೊಂದು ಜಾಲ ಕಟ್ಟಿಕೊಂಡವು. ಮಾಂಟ್ರಿಯಲ್‌ನಲ್ಲಿ ನಟರ ಸಂಘ, ಪ್ರಕಾಶಕರು, ನಿರ್ಮಾಪಕರು ಒಂದಾಗಿ ಒಕ್ಕೂಟ ಮಾಡಿಕೊಂಡರು. ಮಾಮೂಲಿ ದಿನದಲ್ಲಿ ಸಂಭಾವನೆಗಾಗಿ ಜಗಳ ಆಡುವ ಜನ ಇವರು! ಅಂಥದ್ದೇ ಒಕ್ಕೂಟಗಳು ಫ್ರಾನ್ಸ್, ದಕ್ಷಿಣ ಕೊರಿಯಾ ಮುಂತಾದ ಕಡೆ ಹುಟ್ಟಿದವು. ಯುನೆಸ್ಕೋ 2003ರ ಅಕ್ಟೋಬರಿನಲ್ಲಿ ಈ ಒಪ್ಪಂದದ ಕರಡು ಬರೆಯಲು ಒಪ್ಪಿತು. ದೇಶಗಳ ನಡುವಿನ ಮಾತುಕತೆಗೆ ದಕ್ಷಿಣ ಆಫ್ರಿಕಾದ ಕಾದರ್ ಅಸ್ಮಲ್ ಅಧ್ಯಕ್ಷರಾದರು. 2005ರ ಅಕ್ಟೋಬರ್ 20ರಂದು ಪ್ಯಾರಿಸ್‌ನಲ್ಲಿ ಮತ ಹಾಕಿದಾಗ ಪರವಾಗಿ 148, ವಿರುದ್ಧ ಎರಡೇ ಎರಡು. ಅಮೆರಿಕ ಮತ್ತು ಇಸ್ರೇಲ್. ನಾಲ್ಕು ದೇಶ ತಟಸ್ಥ. ಶುರುವಾದ ಎರಡೇ ವರ್ಷಕ್ಕೆ ಇಷ್ಟು ದೊಡ್ಡ ಒಪ್ಪಂದ ಮುಗಿಯಿತು ಅಂದರೆ ನಂಬೋಕೆ ಕಷ್ಟ, ಅಲ್ವಾ? ಈ ಭಾಗಕ್ಕೆ ಐದಕ್ಕೆ ಐದು ಕೊಡುತ್ತೇನೆ.

ಭಾರತ 2006ರ ಡಿಸೆಂಬರಿನಲ್ಲಿ ಸೇರಿತು. 2007ರ ಮಾರ್ಚ್ 18ಕ್ಕೆ ಒಪ್ಪಂದ ಜಾರಿಗೆ ಬಂತು.

ಈಗ ನನ್ನ ತಕರಾರು. 20ನೇ ವಿಧಿ ಓದಿ. ಮೊದಲ ಭಾಗದಲ್ಲಿ ಈ ಒಪ್ಪಂದ ಬೇರೆ ಯಾವ ಒಪ್ಪಂದಕ್ಕೂ ಅಡಿಯಾಳಲ್ಲ ಅಂತಿದೆ. ಭೇಷ್ ಅಂತ ಕೆಳಗೆ ಇಳಿದರೆ ಎರಡನೇ ಭಾಗ ಹೇಳುತ್ತದೆ: ಬೇರೆ ಒಪ್ಪಂದಗಳಲ್ಲಿ ನೀವು ಒಪ್ಪಿಕೊಂಡ ಹಕ್ಕು ಬಾಧ್ಯತೆಗಳನ್ನು ಇದು ಬದಲಾಯಿಸುವುದಿಲ್ಲ. ಅಂದರೆ ಕೆನಡಾದ ಪತ್ರಿಕೆ ಕೇಸು ನಾಳೆ ಮತ್ತೆ ಬಂದರೆ? ನೀವೇ ಯೋಚನೆ ಮಾಡಿ. ಚೀನಾ ಇದನ್ನು ಪರೀಕ್ಷೆ ಮಾಡಿಯೂ ನೋಡಿತು. ಪುಸ್ತಕ, ಸಿನಿಮಾ ಆಮದಿನ ಮೇಲಿನ ತನ್ನ ನಿರ್ಬಂಧಗಳ ವಿಚಾರದಲ್ಲಿ ಅಮೆರಿಕ ಹಾಕಿದ ಕೇಸಿನಲ್ಲಿ ಈ ಒಪ್ಪಂದದ ಹೆಸರು ಎತ್ತಿತು. 2009ರಲ್ಲಿ ತೀರ್ಪು ಬಂದಾಗ ಅದರಿಂದ ಚೀನಾಕ್ಕೆ ಏನೂ ದಕ್ಕಲಿಲ್ಲ.

ಕೊರಿಯಾದ ಕಥೆ ಇನ್ನೂ ಬೇಜಾರು ಮಾಡುತ್ತದೆ. ಅಲ್ಲಿ ಚಿತ್ರಮಂದಿರಗಳು ವರ್ಷಕ್ಕೆ 146 ದಿನ ಕೊರಿಯನ್ ಸಿನಿಮಾ ಹಾಕಬೇಕಿತ್ತು. ಆ ಕೋಟಾ ಉಳಿಸಿಕೊಳ್ಳಲು 1999ರಲ್ಲಿ ದೊಡ್ಡ ದೊಡ್ಡ ನಿರ್ದೇಶಕರು ಬೀದಿಗೆ ಇಳಿದು ತಲೆ ಬೋಳಿಸಿಕೊಂಡಿದ್ದರು. ಪ್ಯಾರಿಸ್‌ನಲ್ಲಿ ಕೊರಿಯಾ ಸರ್ಕಾರ ಒಪ್ಪಂದದ ಪರ ಮತ ಹಾಕಿತು. ಸುಮಾರು ಮೂರು ತಿಂಗಳಿಗೆ, 2006ರ ಜನವರಿಯಲ್ಲಿ, ಅದೇ ಸರ್ಕಾರ ಕೋಟಾವನ್ನು 73 ದಿನಕ್ಕೆ ಇಳಿಸುವುದಾಗಿ ಹೇಳಿತು. ಅಮೆರಿಕದ ಜೊತೆ ಮುಕ್ತ ವ್ಯಾಪಾರ ಮಾತುಕತೆ ಶುರುವಾಗಬೇಕಿತ್ತು, ಅದಕ್ಕೆ. ನಟ ಚೋಯ್ ಮಿನ್-ಸಿಕ್ ಸರ್ಕಾರ ಕೊಟ್ಟಿದ್ದ ಪದಕವನ್ನೇ ವಾಪಸ್ ಕೊಟ್ಟರು. ನಟರು ಒಬ್ಬೊಬ್ಬರೇ ಫಲಕ ಹಿಡಿದು ಸರದಿಯಲ್ಲಿ ಧರಣಿ ನಿಂತರು. ಏನೂ ಆಗಲಿಲ್ಲ, ಜುಲೈಯಿಂದ 73 ದಿನ. ಕೊರಿಯನ್ ಸಿನಿಮಾ ಆಮೇಲೆ ಮುಳುಗಲಿಲ್ಲ, ನಮಗೆಲ್ಲ ಗೊತ್ತು. ಆದರೆ ಒಪ್ಪಂದ ಅದನ್ನು ಕಾಪಾಡಿತು ಅಂತ ಯಾರೂ ಹೇಳಲಾರರು. ಪ್ಯಾರಿಸ್‌ನಲ್ಲಿ ಕೈ ಎತ್ತುವುದು ಸಂಸ್ಕೃತಿ ಇಲಾಖೆ, ಸುಂಕ ಕೋಟಾದ ಚೌಕಾಸಿ ಮಾಡುವುದು ವಾಣಿಜ್ಯ ಇಲಾಖೆ.

11ನೇ ವಿಧಿ ನಾಗರಿಕ ಸಮಾಜದ ಪಾತ್ರ ಮೂಲಭೂತ ಅನ್ನುತ್ತದೆ. ಚೆನ್ನಾಗಿದೆ. ಆದರೆ ಮತ ಇರುವುದು ಸರ್ಕಾರಗಳಿಗೆ. ಒಪ್ಪಂದ ಕಟ್ಟುವಾಗ ಗಾರೆ ಹೊತ್ತವರಿಗೆ ಈಗ ವೀಕ್ಷಕರ ಕುರ್ಚಿ. ಇನ್ನು ನಿಧಿ. ಬಡ ದೇಶಗಳ ಸಾಂಸ್ಕೃತಿಕ ಕೆಲಸಕ್ಕೆ ಒಂದು ಯೋಜನೆಗೆ ಒಂದು ಲಕ್ಷ ಡಾಲರ್‌ವರೆಗೆ ಸಿಗುತ್ತದೆ, ಸಂಘ ಸಂಸ್ಥೆಗಳೂ ಅರ್ಜಿ ಹಾಕಬಹುದು. ಆದರೆ ದೇಶಗಳು ನಿಧಿಗೆ ಮನಸ್ಸಿದ್ದರೆ ಕೊಡುತ್ತವೆ, ಇಲ್ಲದಿದ್ದರೆ ಇಲ್ಲ, ಕಡ್ಡಾಯ ಏನಿಲ್ಲ. ಅಷ್ಟಾದ ಮೇಲೆ ಯೂಟ್ಯೂಬ್ ಬಂದಿದ್ದೂ 2005ರಲ್ಲೇ ಅಂತ ನೆನಪಿಸಿಕೊಳ್ಳಿ. ಡಿಜಿಟಲ್ ಲೋಕಕ್ಕೆ ಮಾರ್ಗಸೂಚಿ ಬರಲು 2017 ಆಗಬೇಕಾಯಿತು.

ನಮಗೇನು ಸಂಬಂಧ ಅಂದರೆ, ಕರ್ನಾಟಕ ಸರ್ಕಾರ ಕನ್ನಡ ಸಿನಿಮಾಗಳಿಗೆ ಕೊಡುವ ಸಬ್ಸಿಡಿ ಇದೆಯಲ್ಲ, 6ನೇ ವಿಧಿ ಹೇಳುವುದು ಅಂಥದ್ದನ್ನೇ. ಡಬ್ಬಿಂಗ್ ಮೇಲಿದ್ದ ತಡೆ ಬೇರೆ ಜಾತಿಯದು. ಅದು ಸರ್ಕಾರದ ನೀತಿ ಆಗಿರಲಿಲ್ಲ, ಚಿತ್ರರಂಗದವರೇ ಹಾಕಿಕೊಂಡ ಕಟ್ಟು. ಸ್ಪರ್ಧಾ ಆಯೋಗ 2015ರಲ್ಲಿ ಅದು ತಪ್ಪು ಅಂತ ಹೇಳಿತು. ಈ ಒಪ್ಪಂದ ಹಿಡಿದು ಅದನ್ನು ಸಮರ್ಥಿಸೋಕೆ ಹೊರಟರೆ ಸುಮ್ನೆ ಮುಖಭಂಗ, ಯಾಕೆಂದರೆ ಇದು ಹಕ್ಕು ಕೊಡುವುದು ದೇಶಗಳಿಗೆ, ಚಲನಚಿತ್ರ ವಾಣಿಜ್ಯ ಮಂಡಳಿಗಳಿಗಲ್ಲ.

ಹಾಗಾದರೆ ಮೂರು ಸ್ಟಾರ್ ಯಾಕೆ, ಎರಡೇ ಸಾಕಲ್ಲ ಅಂತ ಕೇಳಬಹುದು. ಮೂರನೆಯದು ವರದಿಗಳಿಗೆ. ಪ್ರತಿ ಸದಸ್ಯ ದೇಶವೂ ನಾಲ್ಕು ವರ್ಷಕ್ಕೊಮ್ಮೆ ತಾನೇನು ಮಾಡಿದೆ ಅಂತ ಲೆಕ್ಕ ಒಪ್ಪಿಸಬೇಕು. ಬಂದ ವರದಿಗಳು ವೆಬ್‌ಸೈಟಿನಲ್ಲಿವೆ, ಯಾರು ಬೇಕಾದರೂ ತೆಗೆದು ಓದಬಹುದು. ನಮೂನೆಯಲ್ಲಿ ಸಂಘ ಸಂಸ್ಥೆಗಳು ತಮ್ಮ ಮಾತು ಸೇರಿಸಲು ಬೇರೆಯೇ ಜಾಗ ಇದೆ. ನಾಟಕ ತಂಡ, ಚಿಕ್ಕ ಪ್ರಕಾಶನ, ಜಾನಪದ ಮೇಳ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ವರದಿ ತಯಾರಾಗುವಾಗ ಆ ಜಾಗ ಖಾಲಿ ಬಿಡಬೇಡಿ. ದೆಹಲಿಯ ಸಂಸ್ಕೃತಿ ಸಚಿವಾಲಯಕ್ಕೆ ಈಗಲೇ ಒಂದು ಪತ್ರ ಹಾಕಿ ಕೇಳಿಡಿ.