ಎರಡು ನಾಯಿ, ಹಲವು ಬಗೆಯ ಚ್ಯೂ: ವರ್ಷಗಟ್ಟಲೆ ಕೊಟ್ಟು ನೋಡಿದ ಮೇಲೆ

ನಾಯಿ ಅಗಿಯಲೆಂದು ಕೊಡುವ ಚ್ಯೂ ಪ್ಯಾಕೆಟ್ ಮೇಲೆ ‘ನೈಸರ್ಗಿಕ’ ಎಂದಿದ್ದರೆ ಸಾಕು, ನಾಯಿಗೆ ಒಳ್ಳೆಯದೇ ಇರುತ್ತದೆ ಎಂದುಕೊಂಡು ಕೊಳ್ಳುವವರು ಬಹಳ. ಜಿಂಕೆಯ ಕೊಂಬೂ ನೈಸರ್ಗಿಕವೇ, ಬೇಯಿಸಿದ ಮೂಳೆಯೂ ಅಷ್ಟೇ. ಮೊದಲನೆಯದು ಹಲ್ಲನ್ನು ಮುರಿಯುತ್ತದೆ, ಎರಡನೆಯದು ಚೂಪು ಚೂರುಗಳಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ಅದಕ್ಕೇ ಚ್ಯೂ ಆರಿಸುವಾಗ ನಾನು ಮೊದಲು ನೋಡುವುದು ಗಡಸುತನ, ಆಮೇಲೆ ಅಳತೆ. ಯಾವ ಪ್ರಾಣಿಯ ಯಾವ ಭಾಗ ಅನ್ನುವ ಪ್ರಶ್ನೆ ಅದರ ನಂತರದ್ದು.

ನಮ್ಮಲ್ಲಿ ಇರುವುದು ಒಂದು ಲ್ಯಾಬ್ರಡಾರ್, ಒಂದು ಪಾಮರೇನಿಯನ್. ಲ್ಯಾಬ್ರಡಾರ್‌ಗೆ ಅಗಿಯುವ ತಾಳ್ಮೆ ಕಡಿಮೆ, ಬಾಯಲ್ಲಿ ಹಿಡಿಸುವಷ್ಟು ಚಿಕ್ಕದಾದರೆ ಗುಳುಂ ಮಾಡಿಬಿಡುತ್ತದೆ. ಪಾಮರೇನಿಯನ್ ಒಂದೇ ತುಂಡನ್ನು ಮುಂಗಾಲುಗಳ ನಡುವೆ ಒತ್ತಿ ಹಿಡಿದು ಸಂಜೆಯೆಲ್ಲ ಅರೆಯುತ್ತದೆ. ಎರಡಕ್ಕೂ ಒಂದೇ ಚ್ಯೂ ಎಂದೂ ಸರಿಹೋಗಿಲ್ಲ.

ಗಡಸುತನ ನೋಡಲು ಪಶುವೈದ್ಯರು ಹೇಳಿಕೊಡುವ ಸುಲಭದ ಉಪಾಯವಿದೆ: ಹೆಬ್ಬೆರಳಿನ ಉಗುರು ಊರಿದರೆ ಸ್ವಲ್ಪವಾದರೂ ಗುರುತು ಬೀಳಬೇಕು. ಉಡುಗೊರೆಯಾಗಿ ಬಂದ ಕೊಂಬಿನ ತುಂಡಿನ ಮೇಲೆ ಹಾಗೆ ಊರಿದೆ. ಉಗುರು ಬಿಳಿಚಿಕೊಂಡಿತೇ ಹೊರತು ಕೊಂಬಿನ ಮೇಲೆ ಗೀರೂ ಇಲ್ಲ. ಗೊರಸು, ಭಾರ ಹೊರುವ ಕಾಲಿನ ಮೂಳೆಗಳ ಕಥೆಯೂ ಹೀಗೇ. ಇಂಥದ್ದನ್ನು ಕಚ್ಚಿದಾಗ ಹೆಚ್ಚಾಗಿ ಪೆಟ್ಟು ತಿನ್ನುವುದು ಮೇಲ್ದವಡೆಯ ನಾಲ್ಕನೇ ಪ್ರೀಮೋಲಾರ್. ಮಾಂಸ ಕತ್ತರಿಸುವ ಆ ದೊಡ್ಡ ಹಲ್ಲಿನ ಹೊರಮೈ ಚಕ್ಕೆಯಾಗಿ ಎದ್ದುಬರುತ್ತದೆ, ಒಳಗಿನ ನರ ತೆರೆದುಕೊಳ್ಳುತ್ತದೆ. ಆಮೇಲೆ ಉಳಿಯುವ ದಾರಿ ರೂಟ್ ಕೆನಾಲ್ ಅಥವಾ ಹಲ್ಲು ಕೀಳಿಸುವುದು, ಎರಡಕ್ಕೂ ಅರಿವಳಿಕೆ ಬೇಕು. ಅಷ್ಟಾದರೂ ಬಹಳ ನಾಯಿಗಳು ನೋವು ತೋರಿಸಿಕೊಳ್ಳದೆ ಎಂದಿನಂತೆ ಊಟ ಮಾಡುತ್ತವೆ, ಅದೇ ಇದರ ಕೆಟ್ಟ ಭಾಗ. ಕೊಂಬನ್ನು ನಾಯಿಗಳಿಗೆ ತೋರಿಸದೆ ಎತ್ತಿಟ್ಟೆ.

ನಮ್ಮ ಮನೆಯಲ್ಲಿ ಕಾಯಂ ಆಗಿ ಉಳಿದಿದ್ದು ಬುಲ್ಲಿ ಸ್ಟಿಕ್. ಅದು ಹೋರಿಯ ಶಿಶ್ನವನ್ನು ಎಳೆದು ಒಣಗಿಸಿದ್ದು. ಗೊತ್ತಾದ ಮೇಲೆ ಮುಖ ಸಿಂಡರಿಸುವವರಿದ್ದಾರೆ, ಆದರೆ ಒಂದೇ ಪದಾರ್ಥ, ಮಿಶ್ರಣವಿಲ್ಲ, ಚೆನ್ನಾಗಿ ಜೀರ್ಣವಾಗುತ್ತದೆ. ಅಗಿದ ತುದಿ ಮೊದಲು ಬೆಳ್ಳಗಾಗಿ ಮೆತ್ತಗಾಗುತ್ತದೆ, ಆಮೇಲೆ ನಾರು ನಾರಾಗಿ ಬಿಚ್ಚಿಕೊಳ್ಳುತ್ತದೆ; ಮೂಳೆಯಂತೆ ಸೀಳುವುದಿಲ್ಲ. ಎಚ್ಚರ ಬೇಕಾಗಿರುವುದು ಕೊನೆಯ ಬೆರಳುದ್ದಕ್ಕೆ. ಜೊಲ್ಲಿನಲ್ಲಿ ನೆನೆದು ಜಾರುವಂತಾದ ಆ ತುಂಡು ಗಂಟಲಿಗೆ ಅಡ್ಡ ಸಿಕ್ಕಿಕೊಳ್ಳುವ ಅಳತೆಯದ್ದು. ಲ್ಯಾಬ್ರಡಾರ್ ಅಲ್ಲಿಗೆ ಬಂದ ಕೂಡಲೇ ಬೇಯಿಸಿದ ಕೋಳಿಮಾಂಸದ ಚೂರು ತೋರಿಸಿ ಬದಲಾಯಿಸಿಕೊಳ್ಳುತ್ತೇನೆ. ಬಾಯಿಂದ ಕಿತ್ತುಕೊಂಡರೆ ಮುಂದಿನ ಸಲ ಇನ್ನೂ ಬೇಗ ನುಂಗಿಬಿಡುತ್ತದೆ, ಜೊತೆಗೆ ಗುರುಗುಟ್ಟುವ ಅಭ್ಯಾಸವೂ ಬರುತ್ತದೆ.

ತೂಕ ಏರುವುದಕ್ಕೂ ಇದು ಕಾರಣವಾಗಬಹುದು. 2013ರಲ್ಲಿ ಅಮೆರಿಕ ಮತ್ತು ಕೆನಡಾದ ಸಂಶೋಧಕರು ಕೆನಡಾದ ಪಶುವೈದ್ಯ ಪತ್ರಿಕೆಯಲ್ಲಿ 26 ಬುಲ್ಲಿ ಸ್ಟಿಕ್‌ಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಇಂಚಿಗೆ 9ರಿಂದ 22 ಕ್ಯಾಲರಿ, ಆರು ಇಂಚಿನದ್ದಕ್ಕೆ ಸರಾಸರಿ 88. ಸುಮಾರು 23 ಕಿಲೋ ನಾಯಿಗೆ ಅದು ದಿನದ ಅಗತ್ಯದ ಶೇ. 9, ಎರಡು ಕಿಲೋ ಚಿಲ್ಲರೆ ತೂಗುವ ನಾಯಿಗೆ ಶೇ. 30. ತಿಂಡಿ ತಿನಿಸು ದಿನದ ಕ್ಯಾಲರಿಯಲ್ಲಿ ಶೇ. 10 ದಾಟಬಾರದು ಎನ್ನುವುದು ಪಶುವೈದ್ಯರ ಸಾಮಾನ್ಯ ಸಲಹೆ. ಹಾಗಾಗಿ ಪಾಮರೇನಿಯನ್‌ಗೆ ಅದನ್ನು ಕೊಟ್ಟಾಗ ಸ್ವಲ್ಪ ಹೊತ್ತಿಗೇ ವಾಪಸ್ ತೆಗೆದು ಫ್ರಿಜ್‌ನಲ್ಲಿಡುತ್ತೇನೆ, ಅವತ್ತಿನ ಊಟದಲ್ಲೂ ಕಡಿತ.

ಅದೇ ಪರೀಕ್ಷೆಯಲ್ಲಿ ಏಳು ತುಂಡುಗಳಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತ್ತು, ಒಂದರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಎಂಆರ್‌ಎಸ್‌ಎ. ಒಣಗಿಸಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಚ್ಯೂ ಆಗಿ ಮಾರುವ ಒಣ ಹಂದಿ ಕಿವಿಯ ವಿಷಯದಲ್ಲಿ ಇದು ದೊಡ್ಡದಾಗಿಯೇ ಬಯಲಾಯಿತು: 2019ರಲ್ಲಿ ಅಮೆರಿಕದಲ್ಲಿ ಅದರಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡಿ 150ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಬಿದ್ದವರು ಮನುಷ್ಯರು ಎನ್ನುವುದನ್ನು ಗಮನಿಸಿ. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ಚ್ಯೂ ಅಡುಗೆಮನೆ ಹೊಗದಿರಲಿ, ಹಾಸಿಗೆ ಏರದಿರಲಿ. ನಮ್ಮಲ್ಲಿ ಅದಕ್ಕೆ ತೊಳೆಯುವ ಒಂದು ಚಾಪೆ ಇದೆ. ಮುಟ್ಟಿದ ಕೈಗೆ ಸೋಪು ಬಿದ್ದೇ ಬೀಳುತ್ತದೆ. ಹಂದಿ ಕಿವಿಯಲ್ಲಿ ಕೊಬ್ಬೂ ಜಾಸ್ತಿ, ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದ ನಾಯಿಗಂತೂ ಬೇಡವೇ ಬೇಡ.

ಟ್ರೇಕಿಯಾ, ಅಂದರೆ ದನದ ಶ್ವಾಸನಾಳ, ನನಗೆ ಇಷ್ಟವಾದ ಇನ್ನೊಂದು. ಮೃದ್ವಸ್ಥಿಯೇ ಆದ್ದರಿಂದ ಹಲ್ಲಿಗೆ ಸುಲಭ, ವಯಸ್ಸಾದ ನಾಯಿಗೂ ಆಗುತ್ತದೆ. ಉದ್ದಕ್ಕೆ ಸೀಳಿದ್ದನ್ನೇ ತೆಗೆದುಕೊಳ್ಳಿ. ಆದರೆ ಥೈರಾಯ್ಡ್ ಗ್ರಂಥಿ ಈ ನಾಳಕ್ಕೆ ಅಂಟಿಕೊಂಡೇ ಇರುತ್ತದೆ. ಕುತ್ತಿಗೆಯ ಭಾಗಗಳನ್ನು ಒಣಗಿಸುವಾಗ ಅದನ್ನು ಬಿಡಿಸದಿದ್ದರೆ ಹಾರ್ಮೋನ್ ನಾಯಿಯ ಹೊಟ್ಟೆಗೆ ಹೋಗುತ್ತದೆ. 2017ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಕಾರಣಕ್ಕೆ ಎಚ್ಚರಿಕೆ ಕೊಟ್ಟಿತ್ತು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ಇಳಿಯುವ ತೂಕ, ಚಡಪಡಿಕೆ ಕಂಡರೆ ಚ್ಯೂ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ಗ್ರಂಥಿ ಬಿಡಿಸಿದ್ದೀರಾ ಎಂದು ಒಬ್ಬ ಮಾರಾಟಗಾರರಿಗೆ ಬರೆದು ಕೇಳಿದ್ದೆ, ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಉತ್ತರ ಬಂತು. ಅವರ ಸರಕು ಮತ್ತೆ ಕೊಂಡಿಲ್ಲ.

ರಾಹೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರ್ಮದ ಒಳಪದರವನ್ನು ರಾಸಾಯನಿಕದಲ್ಲಿ ತೊಳೆದು ಸುತ್ತಿ ಮಾಡಿದ ಈ ಚ್ಯೂ ನೆನೆದು ಉಬ್ಬುತ್ತದೆ, ದೊಡ್ಡ ತುಂಡು ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ನುಂಗುಬಾಕ ನಾಯಿ ಇರುವ ಮನೆಗೆ ಅದು ತಕ್ಕದ್ದಲ್ಲ. ಚ್ಯೂ ಆಗಿ ಮಾರುವ ಯಾಕ್ ಹಾಲಿನ ಗಟ್ಟಿ ಚೀಸಿಗೆ ವಾಸನೆಯಿಲ್ಲ, ಜಿಡ್ಡಿಲ್ಲ, ಬುಲ್ಲಿ ಸ್ಟಿಕ್ ವಾಸನೆ ತಡೆಯಲಾರದವರಿಗೆ ಆಸೆ ಹುಟ್ಟಿಸುವಂಥದ್ದು. ಆದರೆ ನನ್ನ ಕೈಗೆ ಬಂದವು ಉಗುರಿನ ಪರೀಕ್ಷೆಯಲ್ಲಿ ಸೋತವು, ಹಾಲುಹಲ್ಲಿನ ಮರಿಗಂತೂ ಕೊಡಲೇಬೇಡಿ.

ಈಗ ಲ್ಯಾಬ್ರಡಾರ್‌ಗೆ ಹನ್ನೆರಡು ಇಂಚಿನ ದಪ್ಪ ಬುಲ್ಲಿ ಸ್ಟಿಕ್, ಪಾಮರೇನಿಯನ್‌ಗೆ ಹೆಚ್ಚಾಗಿ ಸೀಳಿದ ಟ್ರೇಕಿಯಾ. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಕೊಡುತ್ತೇನೆ. ಪಕ್ಕದಲ್ಲಿ ಇನ್ನೊಂದು ನಾಯಿ ಇದ್ದರೆ ಪೈಪೋಟಿಗೆ ಬಿದ್ದು ನುಂಗುತ್ತವೆ. ನಾನು ಅಲ್ಲೇ ಕೂತಿರಲು ಆಗದ ದಿನ ಚ್ಯೂ ಇಲ್ಲ.