ಚೀಟಿಯಲ್ಲಿ ‘35, 200 ಗ್ರೇನ್’ ಅಂತಷ್ಟೇ ಇದ್ದರೆ ಆ ಬುಲೆಟ್ ಬೇಟೆಗೆ ಬೇಡ

ಕೇಸು ಅನ್ನುವ ಲೋಹದ ಚಿಪ್ಪಿಗೆ ಪೌಡರ್, ಬುಲೆಟ್ ಹಾಕಿ ತೋಟೆಯನ್ನು ತಾವೇ ತುಂಬಿಕೊಂಡು ಬೇಟೆಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ತಯಾರಕರ ಡಬ್ಬಿ ಇಲ್ಲದೆ, ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಮಾರುವ ಬುಲೆಟ್ ತೆಗೆದುಕೊಳ್ಳಬೇಡಿ. ಮಾರುವವರು ಎಷ್ಟೇ ಪರಿಚಯದವರಾಗಿರಲಿ, ಎಷ್ಟೇ ಅಗ್ಗವಾಗಿರಲಿ. ನನಗಾದದ್ದನ್ನು ಬರೆದಿದ್ದೇನೆ, ಓದಿ ನೀವೇ ನೋಡಿ.

ನನ್ನದು 35 ವೀಲನ್ ರೈಫಲ್. 30-06 ಅನ್ನುವ ಇನ್ನೊಂದು ತೋಟೆಯ ಕೇಸಿನ ಕತ್ತನ್ನು ಅಗಲ ಮಾಡಿದರೆ ಸಿಗುವ ತೋಟೆ ಇದು. 1922ರಲ್ಲಿ ಹುಟ್ಟಿದರೂ ಬಹಳ ಕಾಲ ಕೈಯಲ್ಲಿ ತುಂಬುವವರ ಹತ್ತಿರವೇ ಉಳಿದಿತ್ತು. ಕಾರ್ಖಾನೆಯಿಂದ ತಯಾರಾಗಿ ಬರಲು ಶುರುವಾಗಿದ್ದು 1988ರಲ್ಲಿ. ಇದರ ಬುಲೆಟ್ ದಪ್ಪ .358 ಇಂಚು. ಅದೇ ದಪ್ಪದ ಬುಲೆಟ್ ಹಾಕುವ ತೋಟೆಗಳು ಇನ್ನೂ ಇವೆ. 1906ರ 35 ರೆಮಿಂಗ್ಟನ್ ಇದೆ, 1955ರ 358 ವಿಂಚೆಸ್ಟರ್ ಇದೆ. ತೊಂದರೆ ಶುರುವಾಗೋದು ಇಲ್ಲೇ. ದಪ್ಪ ಒಂದೇ, ತೂಕವೂ ಒಂದೇ ಇರಬಹುದು. ಆದರೆ ಆ ಬುಲೆಟ್ಟನ್ನು ಯಾವ ವೇಗಕ್ಕೆ ಅಂತ ಮಾಡಿದ್ದಾರೆ ಅನ್ನೋದು ಬೇರೆಯೇ ವಿಷಯ. ಅದು ಚೀಲದ ಮೇಲಿನ ಚೀಟಿಯಲ್ಲಿ ಇರುವುದಿಲ್ಲ.

35 ರೆಮಿಂಗ್ಟನ್ ಸೌಮ್ಯ ತೋಟೆ. 200 ಗ್ರೇನ್ (ಬುಲೆಟ್ ತೂಗುವ ಅಳತೆ, 200 ಅಂದರೆ ಸುಮಾರು 13 ಗ್ರಾಂ) ಬುಲೆಟ್ ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2,080 ಅಡಿ ವೇಗದಲ್ಲಿ ಇರುತ್ತದೆ. ಅದೇ ತೂಕದ ಬುಲೆಟ್ ವೀಲನ್‌ನಲ್ಲಿ 2,675 ಅಡಿಯ ಆಸುಪಾಸು ಹೋಗುತ್ತದೆ. ವೇಗ ಸುಮಾರು 29 ಪರ್ಸೆಂಟ್ ಮಾತ್ರ ಜಾಸ್ತಿ ಅಲ್ವಾ ಅನ್ನಿಸಬಹುದು. ಆದರೆ ಬಡಿತದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಸುಮಾರು 65 ಪರ್ಸೆಂಟ್ ಜಾಸ್ತಿ. ನಿಧಾನದ ತೋಟೆಗೆ ಮಾಡುವ ಬುಲೆಟ್ ಆ ಕಡಿಮೆ ವೇಗದಲ್ಲೂ ಅರಳಬೇಕು, ಅಂದರೆ ಬಡಿದಾಗ ಮೂತಿ ಹೂವಿನ ಹಾಗೆ ಅಗಲವಾಗಬೇಕು. ಅದಕ್ಕೇ ಅದರ ಹೊರಗಿನ ತಾಮ್ರದ ಜಾಕೆಟ್ ತೆಳ್ಳಗೆ, ಒಳಗಿನ ಸೀಸ ಮೆತ್ತಗೆ. ಅದನ್ನು ವೀಲನ್ ವೇಗದಲ್ಲಿ ಹತ್ತಿರದಿಂದ ಮೂಳೆಗೆ ಬಡಿದರೆ ಅರಳುವುದಿಲ್ಲ, ಚೂರಾಗುತ್ತದೆ.

ಇದೆಲ್ಲ ಗೊತ್ತಿದ್ದೇ, ಚೀಟಿಯಲ್ಲಿ ‘35, 200 ಗ್ರೇನ್’ ಅಂತಷ್ಟೇ ಇದ್ದ ಬುಲೆಟ್ ಚೀಲವೊಂದನ್ನು ಕೊಳ್ಳುವಾಗ ನಾನು ಮಾರಾಟಗಾರನನ್ನು ಬಿಡಿಸಿ ಕೇಳಿದೆ. ಇದು ವೀಲನ್ ವೇಗಕ್ಕೆ ತಡೆಯುತ್ತಾ, ಹಂದಿಯ ಭುಜದ ಮೇಲೆ ನಿಲ್ಲುತ್ತಾ? “ಸರ್, ವೀಲನ್‌ಗೇ ಅಂತ ಬಂದಿರೋ ಮಾಲು. ದೊಡ್ಡ ಡಬ್ಬಿಯಲ್ಲಿ ಬರುತ್ತೆ, ನಾವು ಚಿಕ್ಕ ಚೀಲ ಮಾಡ್ತೀವಿ ಅಷ್ಟೇ. ಎಷ್ಟೋ ಜನ ಹಂದಿಗೆ ಇದನ್ನೇ ಹೊಡೀತಾರೆ” ಅಂದ. ಯಾವ ಕಂಪನಿ ಅಂದರೆ ಒಂದು ಒಳ್ಳೆಯ ಹೆಸರನ್ನೇ ಹೇಳಿದ. ಬಿಲ್ಲಿನಲ್ಲೂ ‘35 ವೀಲನ್ ಬೇಟೆ ಬುಲೆಟ್’ ಅಂತ ಬರೆದುಕೊಟ್ಟ.

ತೋಟೆ ತುಂಬಿದೆ. ಹೊಸ ಬುಲೆಟ್ ಆದ್ದರಿಂದ ಕೈಪಿಡಿಯಲ್ಲಿ ಆ ಕಂಪನಿಯ ಬುಲೆಟ್‌ಗೆ ಕೊಟ್ಟಿದ್ದ ಆರಂಭದ (ಅಂದರೆ ಕಡಿಮೆ) ಪೌಡರ್ ಅಳತೆಯಿಂದಲೇ ಶುರು ಮಾಡಿದೆ. ನೂರು ಗಜದಲ್ಲಿ ಕಾಗದದ ಮೇಲೆ ಗುಂಡುಗಳು ಒಂದರ ಪಕ್ಕ ಒಂದು ಕೂತವು. ನೋಡೋಕೆ ಬಹಳ ಚೆನ್ನಾಗಿತ್ತು. ಆದರೆ ಕಾಗದಕ್ಕೆ ಮೂಳೆ ಇರುವುದಿಲ್ಲ. ಬುಲೆಟ್ ಎಲ್ಲಿಗೆ ಹೋಯಿತು ಅಂತ ಅದು ಹೇಳುತ್ತದೆ, ಹೋದಮೇಲೆ ಏನಾಯಿತು ಅಂತ ಹೇಳುವುದಿಲ್ಲ. ಎಷ್ಟೋ ಮಂದಿ ಗುಂಪು ಚಿಕ್ಕದಾಗಿ ಬಂದರೆ ಬುಲೆಟ್ ಆಯ್ಕೆ ಮುಗಿಯಿತು ಅಂದುಕೊಳ್ಳುತ್ತಾರೆ. ಬೇಟೆಯಲ್ಲಿ ಎರಡಿಂಚಿನ ಗುಂಪು ಧಾರಾಳ ಸಾಕು. ಒಳಗೆ ಹೋಗಿ ಒಂದೇ ತುಂಡಾಗಿ ಉಳಿಯುವುದು ಅದಕ್ಕಿಂತ ದೊಡ್ಡದು.

ಹಂದಿ ಸಿಕ್ಕಿದ್ದು ಬಹಳ ಹತ್ತಿರದಲ್ಲಿ, ನಲವತ್ತು ಗಜವೂ ಇರಲಿಲ್ಲ. ಸ್ವಲ್ಪ ಓರೆಯಾಗಿ ನಿಂತಿತ್ತು. ಈಡು ಭುಜದ ಮೇಲೆ ಸರಿಯಾಗಿಯೇ ಬಿತ್ತು. ಹಂದಿ ಮುಗ್ಗರಿಸಿ, ಎದ್ದು, ಪೊದೆಯೊಳಗೆ ನುಗ್ಗಿತು. ಬಿದ್ದ ಜಾಗದಲ್ಲಿ ಬಹಳಷ್ಟು ಕೂದಲು, ಮೂಳೆಯ ಸಣ್ಣ ಚೂರು. ರಕ್ತ ಮಾತ್ರ ಅಲ್ಲೊಂದು ಇಲ್ಲೊಂದು ಹನಿ. ಅನುಭವ ಇದ್ದವರಿಗೆ ಇದು ಏನು ಅಂತ ಗೊತ್ತಾಗುತ್ತದೆ. ಬುಲೆಟ್ ಹೊರಗೇ ಸಿಡಿದಿದೆ, ಒಳಗೆ ಇಳಿದಿಲ್ಲ. ಕಾದು, ಹೆಜ್ಜೆ ಹಿಡಿದು ಹುಡುಕಿದೆವು. ಕತ್ತಲಾಗುವ ಹೊತ್ತಿಗೆ ಸಿಕ್ಕಾಗ ಅದು ಇನ್ನೂ ಜೀವಂತ ಇತ್ತು. ಜೊತೆಗಿದ್ದ ಗೆಳೆಯ ತನ್ನ ರೈಫಲ್‌ನಿಂದ ಮುಗಿಸಿದ. ಅಷ್ಟು ಹೊತ್ತು ಆ ಪ್ರಾಣಿ ನರಳಿತಲ್ಲ, ಅದೇ ನನಗೆ ದೊಡ್ಡ ಸಂಕಟ. ಗಾಯಗೊಂಡ ಹಂದಿಯ ಹಿಂದೆ ಪೊದೆಯಲ್ಲಿ ನುಸುಳುವುದು ನಮಗೂ ಆಟವಲ್ಲ.

ಚರ್ಮ ಬಿಡಿಸಿದಾಗ ಎಲ್ಲ ಗೊತ್ತಾಯಿತು. ಭುಜದ ಮೇಲೆ ಅಂಗೈ ಅಗಲದ ಗಾಯ, ಆಳವೇ ಇಲ್ಲ. ಮಾಂಸದ ತುಂಬ ಸೀಸದ ಪುಡಿ. ಪಕ್ಕೆಲುಬಿನ ಹೊರಗಡೆ ಜಾಕೆಟ್ ಸಿಕ್ಕಿತು. ಸುಲಿದ ಬಾಳೆಹಣ್ಣಿನ ಸಿಪ್ಪೆ ಹಾಗೆ ಬುಡದವರೆಗೆ ಸೀಳಿಕೊಂಡು, ಒಳಗೆ ಸೀಸ ಹೆಸರಿಗೂ ಇರಲಿಲ್ಲ. ಮನೆಗೆ ತಂದು ಪೌಡರ್ ತಕ್ಕಡಿಯಲ್ಲಿ ಇಟ್ಟರೆ 58 ಗ್ರೇನ್. ಹೊರಟಿದ್ದು 200.

ಆಮೇಲೆ ಚೀಲದಲ್ಲಿ ಉಳಿದಿದ್ದನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಬದಿಯಿಂದ ಟಾರ್ಚ್ ಹಿಡಿದೆ. ಮೇಲಿಂದ ನೋಡಿದರೆ ಎಲ್ಲಾ ಒಂದೇ. ಬದಿಯ ಬೆಳಕಿನಲ್ಲಿ ನೋಡಿದರೆ ಕೇಸಿನ ಬಾಯಿ ಕಚ್ಚಿಕೊಳ್ಳಲೆಂದು ಸುತ್ತ ಇರುವ ಕ್ರಿಂಪ್ ಗೀರು ಕೆಲವಕ್ಕೆ ಮೇಲೆ, ಕೆಲವಕ್ಕೆ ಒಂದು ಕೂದಲೆಳೆಯಷ್ಟು ಕೆಳಗೆ. ಮೂತಿಯ ತಿರುವೂ ಬೇರೆ. ಅಂದರೆ ಎರಡು ಬಗೆಯ ಬುಲೆಟ್ ಒಂದೇ ಚೀಲದಲ್ಲಿ. ತಿಳಿದವರೊಬ್ಬರಿಗೆ ತೋರಿಸಿದಾಗ, ಒಂದು ಬಗೆಯದ್ದು 35 ರೆಮಿಂಗ್ಟನ್‌ಗೆ ಅಂತಲೇ ಮಾಡುವ ಬುಲೆಟ್ ಅಂತ ನೋಡಿದ ಕೂಡಲೇ ಹೇಳಿದರು. ಇನ್ನೊಂದನ್ನು ಅವರೂ ಗುರುತಿಸಲಿಲ್ಲ.

ಈ ಬೆರಕೆ ಬೇಟೆಯ ವಿಷಯ ಮಾತ್ರ ಅಲ್ಲ, ಹೊಡೆಯುವವನ ಮುಖದೆದುರೇ ರೈಫಲ್ ಸಿಡಿಯಬಹುದಾದ ವಿಷಯ. ತೂಕ ಒಂದೇ ಇದ್ದರೂ ನಳಿಗೆಯ ಗೋಡೆಗೆ ಉಜ್ಜುವ ಭಾಗ ಉದ್ದ ಇರುವ ಬುಲೆಟ್ ಒತ್ತಡವನ್ನು ಏರಿಸುತ್ತದೆ. ಕೇಸಿನೊಳಗೆ ಎಷ್ಟು ಆಳ ಕೂರುತ್ತದೆ ಅನ್ನೋದರ ಮೇಲೂ ಒತ್ತಡ ಬದಲಾಗುತ್ತದೆ. 35 ರೆಮಿಂಗ್ಟನ್ ತೋಟೆಯ ಗರಿಷ್ಠ ಒತ್ತಡ 33,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ವೀಲನ್‌ದು 62,000. ಆ ಮಟ್ಟದಲ್ಲಿ ಕೆಲಸ ಮಾಡುವಾಗ ‘ಯಾವುದೋ ಒಂದು 200 ಗ್ರೇನ್’ ಅನ್ನೋ ಮಾತಿಗೆ ಜಾಗ ಇಲ್ಲ. ನಾನು ಆರಂಭದ ಅಳತೆಯ ಹತ್ತಿರವೇ ನಿಂತಿದ್ದರಿಂದ ರೈಫಲ್‌ಗೆ ಏನೂ ಆಗಲಿಲ್ಲ. ಗರಿಷ್ಠದ ಅಂಚಿನಲ್ಲಿ ತುಂಬುವವರ ಕೈಗೆ ಇದೇ ಚೀಲ ಸಿಕ್ಕಿದ್ದರೆ?

ಮಾರಾಟಗಾರನಿಗೆ ಜಾಕೆಟ್ಟನ್ನೂ ಬುಲೆಟ್ಟನ್ನೂ ಒಯ್ದು ತೋರಿಸಿದೆ. “ಮೂಳೆಗೆ ಬಿದ್ದರೆ ಯಾವ ಬುಲೆಟ್ಟಾದರೂ ಹೀಗೇ ಸರ್” ಅಂದ. ಶುದ್ಧ ಸುಳ್ಳು. ಮೂಳೆ ಹೊಡೆದೂ ತಡೆಯುವ ಬುಲೆಟ್‌ಗಳು ಎಷ್ಟೋ ವರ್ಷಗಳಿಂದ ಇವೆ. 1946ರಲ್ಲಿ ಜಾನ್ ನಾಸ್ಲರ್ ಅನ್ನುವವರು ಮೂಸ್ ಅನ್ನುವ ಭಾರಿ ಜಿಂಕೆಯ ಬೇಟೆಯಲ್ಲಿ ಇದೇ ರೀತಿ ಬುಲೆಟ್ ಒಳಗೆ ಇಳಿಯದೆ ಪರದಾಡಿದರು. ಆಮೇಲೆ ಅವರು ಮಾಡಿದ್ದೇ ಪಾರ್ಟಿಷನ್ ಬುಲೆಟ್. ನಡುವೆ ತಾಮ್ರದ ಗೋಡೆ, ಮುಂದೆ ಒಂದು ಸೀಸದ ತುಂಡು, ಹಿಂದೆ ಒಂದು. ಮುಂದಿನದು ಅರಳಿ ಸವೆದರೂ ಹಿಂದಿನದು ಗಟ್ಟಿಯಾಗಿ ಒಳಗೆ ನುಗ್ಗುತ್ತದೆ. ಸೀಸವನ್ನು ಜಾಕೆಟ್‌ಗೆ ಬೆಸೆದ ಬಾಂಡೆಡ್ ಬುಲೆಟ್‌ಗಳು ಇನ್ನೊಂದು ದಾರಿ. ಹತ್ತಿರದಿಂದ ಗಟ್ಟಿ ಪ್ರಾಣಿಗೆ ಹೊಡೆಯುವವರಿಗೆ ನಾನು ಹೇಳೋದು ಈ ಎರಡನ್ನೇ. ತೂಕವೂ ಸ್ವಲ್ಪ ಜಾಸ್ತಿ ಇರಲಿ, ವೀಲನ್‌ಗೆ 225 ಅಥವಾ 250 ಗ್ರೇನ್.

ಪೂರ್ತಿ ತಾಮ್ರದ ಬುಲೆಟ್ ಚೂರಾಗುವುದೇ ಅಪರೂಪ, ನಿಜ. ಆದರೆ ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಬುಲೆಟ್ ಉದ್ದವಾಗುತ್ತದೆ. ಕೇಸಿನೊಳಗೆ ಪೌಡರ್ ಜಾಗ ತಿನ್ನುತ್ತದೆ, ಸೀಸದ ಬುಲೆಟ್ಟಿನ ಅಳತೆಯನ್ನು ಅದಕ್ಕೆ ಹಾಕುವಂತಿಲ್ಲ. ಬುಲೆಟ್ಟನ್ನು ತಿರುಗಿಸುವ ಒಳಗೀರು 16 ಇಂಚಿಗೆ ಒಂದೇ ಸುತ್ತು ಬರುವ ನಳಿಗೆಯ ವೀಲನ್ ರೈಫಲ್‌ಗಳೂ ಇವೆ, ಅವುಗಳಲ್ಲಿ ಭಾರದ ತಾಮ್ರದ ಬುಲೆಟ್ ನೆಟ್ಟಗೆ ಹಾರದೇ ಇರಬಹುದು. ತುಂಬ ದೂರದಲ್ಲಿ, ವೇಗ ಇಳಿದ ಮೇಲೆ ಬಡಿದರೆ ಅರಳದೆ ಸುಮ್ನೆ ತೂತು ಮಾಡಿಕೊಂಡು ಹೋಗುವ ಅಪಾಯವೂ ಇದೆ. ಅದಕ್ಕೇ ಡಬ್ಬಿ ಬೇಕು ಅಂತ ನಾನು ಹಟ ಮಾಡೋದು. ಡಬ್ಬಿ ಇದ್ದರೆ ಕಂಪನಿ, ಮಾದರಿ, ಲಾಟ್ ಸಂಖ್ಯೆ ಗೊತ್ತಾಗುತ್ತದೆ. ಅದನ್ನು ಹಿಡಿದು ಎಷ್ಟು ವೇಗದಿಂದ ಎಷ್ಟು ವೇಗದವರೆಗೆ ಆ ಬುಲೆಟ್ ಸರಿಯಾಗಿ ಅರಳುತ್ತದೆ ಅಂತ ಕಂಪನಿಯನ್ನೇ ಕೇಳಬಹುದು. ಚೀಲವನ್ನು ಹಿಡಿದು ಯಾರನ್ನು ಕೇಳುತ್ತೀರಿ?

8 ಮಿಮೀ ಮೌಸರ್ ರೈಫಲ್ ಇಟ್ಟುಕೊಂಡವರಿಗೆ ಬಿಡಿ ಚೀಲ ಇನ್ನೂ ಕೆಟ್ಟದ್ದು. 1888ರ ಹಳೆಯ ನಳಿಗೆಗೆ .318 ಇಂಚಿನ ಬುಲೆಟ್, 1905ರಲ್ಲಿ ಬಂದ ಹೊಸ ಮಾದರಿಗೆ .323. ಎರಡಕ್ಕೂ ಜನ ‘8 ಮಿಮೀ’ ಅಂತಲೇ ಅನ್ನುತ್ತಾರೆ. ಸಣ್ಣ ನಳಿಗೆಯಲ್ಲಿ ದಪ್ಪ ಬುಲೆಟ್ ಹೊಡೆದರೆ ರೈಫಲ್ ಉಳಿಯುತ್ತದೆ ಅಂತ ಹೇಳೋಕಾಗುವುದಿಲ್ಲ.

ಯಾವ ಬುಲೆಟ್ ತಂದರೂ ನಾನೀಗ ಕಾಡಿಗೆ ಹೋಗುವ ಮೊದಲು ನೆನೆಸಿದ ಹಳೆ ಪತ್ರಿಕೆಗಳ ದಪ್ಪ ಕಟ್ಟಿಗೆ ಹತ್ತಿರದಿಂದ ಹೊಡೆದು, ಹೆಕ್ಕಿ ತೂಗುತ್ತೇನೆ. ಹಿಂದೆ ಮಣ್ಣಿನ ದಿಬ್ಬ ಇರಬೇಕು. ಒದ್ದೆ ಕಾಗದ ಹಂದಿಯ ಭುಜ ಅಲ್ಲ, ನಿಜ. ಆದರೆ ಅಲ್ಲೇ ಸಿಡಿದು ಹೋಗುವ ಬುಲೆಟ್ ಭುಜದಲ್ಲಿ ಉಳಿಯುವುದಿಲ್ಲ.

ಇಂಥ ಬಿಡಿ ಬುಲೆಟ್‌ನಿಂದ ಈಗಾಗಲೇ ತೋಟೆ ತುಂಬಿಟ್ಟಿದ್ದರೆ ಹೊಡೆದು ಖಾಲಿ ಮಾಡಬೇಡಿ. ಬುಲೆಟ್ ಎಳೆದು ತೆಗೆಯುವ ಪುಲ್ಲರ್ ಹಾಕಿ ಬಿಚ್ಚಿ. ಯಾವ ಪೌಡರ್ ಅಂತ ಡಬ್ಬಿ ಸಮೇತ ಖಾತ್ರಿ ಇದ್ದರೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಕೇಸು, ಕಿಡಿ ಹೊತ್ತಿಸುವ ಪ್ರೈಮರ್ ಮತ್ತೆ ಬಳಕೆಗೆ ಬರುತ್ತವೆ. ಬುಲೆಟ್‌ಗಳನ್ನು ಬಿಲ್ ಸಮೇತ ಕೊಟ್ಟವರಿಗೇ ವಾಪಸ್ ಒಯ್ಯಿರಿ. ತೆಗೆದುಕೊಳ್ಳದಿದ್ದರೆ ಗುಜರಿಗೆ ಹಾಕಿ, ಇನ್ನೊಬ್ಬರಿಗೆ ಮಾತ್ರ ದಾಟಿಸಬೇಡಿ.