ನೆಟ್‌ವರ್ಕ್ ಇಲ್ಲದ ದಾರಿಗೆ ಆರ್ಗ್ಯಾನಿಕ್ ಮ್ಯಾಪ್ಸ್

ದಾರಿಯಲ್ಲಿರುವಾಗ ಮೊಬೈಲ್ ಡೇಟಾ ಆಫ್ ಆಗಿರಬೇಕು, ನಕ್ಷೆಯಲ್ಲಿ ಉತ್ತರ ದಿಕ್ಕು ಯಾವಾಗಲೂ ಮೇಲ್ಗಡೆಯೇ ಇರಬೇಕು, ಗುರುತಿಟ್ಟ ಜಾಗಗಳಿಗೆ ನಾನು ಕೊಟ್ಟ ಕನ್ನಡದ ಹೆಸರೇ ಇರಬೇಕು. ಫೋನಿನ ನಕ್ಷೆಯ ವಿಚಾರದಲ್ಲಿ ನನಗಿರುವ ಈ ಹಟಗಳನ್ನು ಗೆಳೆಯರು ಅತಿರೇಕವೆನ್ನುತ್ತಾರೆ. ಆದರೆ ಕೊಡಗಿನ ಕಾಫಿ ತೋಟಗಳಲ್ಲಿ ಮಣ್ಣಿನ ಮಾದರಿ ಸಂಗ್ರಹಿಸುವ ಕೆಲಸದಲ್ಲಿ ಇವು ಹುಟ್ಟಿದ್ದು ಅಗತ್ಯದಿಂದಲೇ. ಕೆಲವು ವರ್ಷಗಳಿಂದ ಬಳಸುತ್ತಿರುವ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆಪ್ ಈ ಎಲ್ಲವಕ್ಕೂ ಒಗ್ಗಿಕೊಂಡಿರುವುದರಿಂದ, ಇಲ್ಲಿನ ಓದುಗರಿಗೆ ಅದರ ಗುಣದೋಷಗಳನ್ನು ತಿಳಿಸಬೇಕೆನಿಸಿತು.

ಈ ಆಪ್ 2021ರಿಂದ ದೊರೆಯುತ್ತಿದೆ. ಮ್ಯಾಪ್ಸ್.ಮಿ ಎಂಬ ಹಳೆಯ ಆಪ್‌ನ ಮುಕ್ತ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು, ಅದನ್ನು ಮೊದಲು ಕಟ್ಟಿದವರಲ್ಲಿ ಕೆಲವರೇ ಇದನ್ನು ಬೆಳೆಸಿದ್ದಾರೆ. ನಕ್ಷೆಯ ಮಾಹಿತಿ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಅದು 2004ರಲ್ಲಿ ಆರಂಭವಾದ, ಜಗತ್ತಿನ ಯಾರು ಬೇಕಾದರೂ ಸೇರಿಸಬಹುದಾದ, ತಿದ್ದಬಹುದಾದ ನಕ್ಷೆ. ಆಪ್‌ನಲ್ಲಿ ಜಾಹೀರಾತಿಲ್ಲ, ಬಳಸುವವರ ಓಡಾಟವನ್ನು ಹಿಂಬಾಲಿಸುವ ವ್ಯವಸ್ಥೆಯಿಲ್ಲ, ಖಾತೆ ತೆರೆಯಬೇಕೆಂಬ ಒತ್ತಾಯವೂ ಇಲ್ಲ. ನಾನು ಯಾವ ತೋಟಕ್ಕೆ ಯಾವಾಗ ಹೋದೆ ಎಂಬುದು ನನಗೂ ಆ ತೋಟದವರಿಗೂ ಮಾತ್ರ ತಿಳಿದಿರಬೇಕಾದ ಸಂಗತಿ ಎಂದು ನಂಬಿರುವ ನನಗೆ ಇದು ಸಣ್ಣ ವಿಷಯವಲ್ಲ.

ನಮ್ಮ ಭಾಗದ ನಕ್ಷೆಯನ್ನು ಮನೆಯ ವೈಫೈನಲ್ಲಿ ಒಮ್ಮೆ ಇಳಿಸಿಕೊಂಡರೆ ಹುಡುಕಾಟ, ದಾರಿ ತೋರಿಸುವಿಕೆ, ಧ್ವನಿ ಸೂಚನೆ ಎಲ್ಲವೂ ಇಂಟರ್‌ನೆಟ್ ಇಲ್ಲದೆ ನಡೆಯುತ್ತವೆ. ಕಕ್ಕಬ್ಬೆಯಿಂದ ತಡಿಯಂಡಮೋಳ್ ಕಡೆಗೆ, ಶ್ರೀಮಂಗಲದಿಂದ ಬಿರುನಾಣಿ ಕಡೆಗೆ, ಗಾಳಿಬೀಡಿನಿಂದ ಆಚೆಗೆ ಹೋಗಿಬಂದವರಿಗೆ ಈ ಸೌಲಭ್ಯದ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿಯೂ ಬೇಕಾದ ಪ್ರದೇಶವನ್ನು ಇಳಿಸಿಟ್ಟುಕೊಳ್ಳಬಹುದು ಎಂಬುದು ನಿಜ; ಆದರೆ ಅಲ್ಲಿ ಇಂಟರ್‌ನೆಟ್ ಇಲ್ಲದಾಗ ವಾಹನದ ದಾರಿ ಮಾತ್ರ ಸಿಗುತ್ತದೆ, ನಡಿಗೆಯ ದಾರಿ ಸಿಗುವುದಿಲ್ಲ. ಜೀಪನ್ನು ಗೇಟಿನ ಬಳಿ ನಿಲ್ಲಿಸಿ ಉಳಿದದ್ದನ್ನು ಕಾಲ್ನಡಿಗೆಯಲ್ಲಿ ಸಾಗಬೇಕಾದವರಿಗೆ ಅದು ಸಾಲದು.

ಇಂಟರ್‌ನೆಟ್ ಇಲ್ಲದೆ ಫೋನು ನಾವಿರುವ ಜಾಗವನ್ನು ಹೇಗೆ ಕಂಡುಹಿಡಿಯುತ್ತದೆ ಎಂದು ತೋಟದ ರೈಟರ್‌ಗಳು (ಕೆಲಸದ ಲೆಕ್ಕ ಬರೆಯುವವರು) ಆಗಾಗ ಕೇಳುತ್ತಾರೆ. ಫೋನಿನೊಳಗಿನ ಜಿಪಿಎಸ್ ಗ್ರಾಹಕ ಉಪಗ್ರಹಗಳ ಸಂಕೇತವನ್ನು ನೇರವಾಗಿ ಪಡೆಯುವುದರಿಂದ ಅದಕ್ಕೆ ಮೊಬೈಲ್ ಗೋಪುರದ ಹಂಗಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ತಿಳಿದಿರಬೇಕು. ಡೇಟಾ ಇದ್ದಾಗ ಉಪಗ್ರಹಗಳ ಪಥದ ವಿವರವನ್ನು ಫೋನು ಇಂಟರ್‌ನೆಟ್ ಮೂಲಕ ಬೇಗನೆ ತರಿಸಿಕೊಳ್ಳುತ್ತದೆ. ಇಲ್ಲದಿದ್ದಾಗ ಅದೇ ವಿವರವನ್ನು ಉಪಗ್ರಹದಿಂದಲೇ ಪಡೆಯಬೇಕು, ಮತ್ತು ಒಂದೊಂದು ಉಪಗ್ರಹವೂ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಮರಳಿ ಮರಳಿ ಕಳುಹಿಸುತ್ತಿರುತ್ತದೆ. ಸಿಲ್ವರ್ ಓಕ್ ಮತ್ತು ನೆರಳು ಮರಗಳ ದಟ್ಟಣೆಯ ಕೆಳಗೆ ಸಂಕೇತ ನಡುನಡುವೆ ಕಡಿದುಹೋದರೆ ಕಾಯುವ ಸಮಯ ಇನ್ನೂ ಹೆಚ್ಚುತ್ತದೆ. ಆದ್ದರಿಂದ ತೋಟದೊಳಗೆ ಕಾಲಿಡುವ ಮೊದಲೇ, ಆಕಾಶ ತೆರೆದಿರುವ ಕಣದಲ್ಲಿ ನಿಂತು ಆಪ್ ತೆರೆದು, ನೀಲಿ ಗುರುತು ಒಂದೆಡೆ ನೆಲೆನಿಂತ ಮೇಲೆ ಹೊರಡುವುದು ಒಳ್ಳೆಯದು.

ನಾನು ಅತಿ ಹೆಚ್ಚು ಬಳಸುವುದು ಸಮೋನ್ನತಿ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳನ್ನು. ಪದರಗಳ ಪಟ್ಟಿಯಲ್ಲಿ ಅದನ್ನು ಆಯ್ದುಕೊಂಡರೆ ಏರಿಳಿತವೆಲ್ಲ ಗೆರೆಗಳಾಗಿ ಮೂಡುತ್ತದೆ. ಗೆರೆಗಳು ಒತ್ತಾಗಿರುವಲ್ಲಿ ಕಡಿದಾದ ಇಳಿಜಾರು, ದೂರ ದೂರವಿರುವಲ್ಲಿ ಸಮತಟ್ಟಾದ ನೆಲ ಅಥವಾ ಗದ್ದೆ. ಒಂದೇ ತೋಟದಲ್ಲಿ ಮೇಲಿನ ಏರಿನ ಮಣ್ಣೂ ಕೆಳಗಿನ ತಗ್ಗಿನ ಮಣ್ಣೂ ಒಂದೇ ಬಗೆಯದಾಗಿರುವುದಿಲ್ಲ. ಎಲ್ಲಿಂದ ಮಾದರಿ ತೆಗೆಯಬೇಕೆಂಬುದನ್ನು ಈ ಗೆರೆಗಳನ್ನು ನೋಡಿ ಹಿಂದಿನ ರಾತ್ರಿಯೇ ನಿರ್ಧರಿಸಬಹುದು. ನಡಿಗೆಯ ದಾರಿಯನ್ನು ಕೇಳಿದರೆ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬ ರೇಖಾಚಿತ್ರವೂ ಬರುತ್ತದೆ. ಉತ್ತರ ದಿಕ್ಕು ಮೇಲಿರಬೇಕೆಂಬ ನನ್ನ ಹಟಕ್ಕೂ ಇದೇ ಕಾರಣ: ನಾವು ತಿರುಗಿದಂತೆಲ್ಲ ನಕ್ಷೆಯೂ ತಿರುಗುತ್ತಿದ್ದರೆ ಬೆಟ್ಟದ ಆಕಾರ ಮನಸ್ಸಿನಲ್ಲಿ ನಿಲ್ಲುವುದೇ ಇಲ್ಲ.

ಮಾದರಿ ತೆಗೆದ ಜಾಗಗಳಿಗೆ ಬುಕ್‌ಮಾರ್ಕ್ ಹಾಕಿ, ತೋಟಕ್ಕೊಂದು ಪಟ್ಟಿ, ವರ್ಷಕ್ಕೊಂದು ಬಣ್ಣ ಎಂದು ಇಟ್ಟುಕೊಂಡಿದ್ದೇನೆ. "ಬಾವಿಯ ಮೇಲಿನ ಅರೇಬಿಕಾ", "ಲೈನ್‌ಮನೆ ಹಿಂದಿನ ರೊಬಸ್ಟಾ" ಎಂಬಂಥ ಹೆಸರುಗಳನ್ನು ಕನ್ನಡದಲ್ಲಿಯೇ ಬರೆದು, ಹಾಗೆಯೇ ಹುಡುಕುತ್ತೇನೆ. ಪಟ್ಟಿಯನ್ನು ಜಿಪಿಎಕ್ಸ್ ಅಥವಾ ಕೆಎಂಝಡ್ ಎಂಬ, ಬೇರೆ ನಕ್ಷೆಯ ಆಪ್‌ಗಳೂ ಓದಬಲ್ಲ ಫೈಲಾಗಿ ಹೊರತೆಗೆದು ತೋಟದವರಿಗೆ ವಾಟ್ಸಾಪ್‌ನಲ್ಲಿ ಕಳುಹಿಸಬಹುದು. ಮುಂದಿನ ವರ್ಷ ಅವರು ಬೇರೆಯವರಿಂದ ಪರೀಕ್ಷೆ ಮಾಡಿಸಿದರೂ ಜಾಗದ ದಾಖಲೆ ಅವರ ಕೈಯಲ್ಲಿಯೇ ಇರುತ್ತದೆ.

ಇನ್ನು ಕೊರತೆಗಳ ವಿಚಾರ. ಈ ಆಪ್‌ನಲ್ಲಿ ಸಂಚಾರದ ತಾಜಾ ಸ್ಥಿತಿ ತಿಳಿಯುವುದಿಲ್ಲ, ಮತ್ತು ಕೊಡಗಿನಲ್ಲಿ ಇದು ಗಂಭೀರ ಮಿತಿ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋಗಿತ್ತು. ಜೋರು ಮಳೆಯಲ್ಲಿ ಭಾಗಮಂಡಲ, ನಾಪೋಕ್ಲು ಸುತ್ತಮುತ್ತಲ ರಸ್ತೆಗಳ ಮೇಲೆ ಕಾವೇರಿಯ ನೀರು ಹರಿಯುವುದು ಇಲ್ಲಿನವರಿಗೆ ಹೊಸದಲ್ಲ. ಅಂಥ ದಿನಗಳಲ್ಲಿ ಫೋನಿನೊಳಗೆ ಇಳಿಸಿಟ್ಟ ನಕ್ಷೆ ಮುಚ್ಚಿದ ರಸ್ತೆಯನ್ನೇ ತೋರಿಸುತ್ತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮುನ್ನ ಜಿಲ್ಲಾಡಳಿತದ ಸೂಚನೆಯನ್ನು ನೋಡಿಕೊಳ್ಳಲೇಬೇಕು, ಹೋಗುವ ಊರಿನವರಿಗೆ ಒಂದು ಫೋನ್ ಮಾಡಲೇಬೇಕು. ನಾಗರಹೊಳೆ ಅರಣ್ಯದ ಮೂಲಕ ಕುಟ್ಟಕ್ಕೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬಂಥ ನಿಯಮಗಳನ್ನೂ ಆಪ್‌ಗೆ ಬಿಡದೆ ನಾವೇ ನೆನಪಿಟ್ಟುಕೊಳ್ಳುವುದು ಕ್ಷೇಮ. ಕಾರಿನಲ್ಲಿ ಹೋಗುವವರು ದಾರಿಯ ಆಯ್ಕೆಗಳಲ್ಲಿ ಕಚ್ಚಾ ರಸ್ತೆ ಬೇಡವೆಂಬುದನ್ನು ಆಯ್ದುಕೊಳ್ಳಲಿ. ಇಲ್ಲವಾದರೆ ಜೀಪಿಗಷ್ಟೇ ಸಲ್ಲುವ ತೋಟದ ಹಾದಿಯನ್ನೂ ಅದು ಸೂಚಿಸೀತು.

ಎರಡನೆಯ ಕೊರತೆ ಮಾಹಿತಿಯದು. ಮಡಿಕೇರಿ, ಕುಶಾಲನಗರದಂಥ ಪಟ್ಟಣಗಳು ತಕ್ಕಮಟ್ಟಿಗೆ ತುಂಬಿದ್ದರೂ ಒಳಗಿನ ಊರುಗಳಲ್ಲಿ ಖಾಲಿ ಜಾಗ ಬಹಳ. ನಮ್ಮಲ್ಲಿ ವಿಳಾಸವೆಂದರೆ ಮನೆಯ ಸಂಖ್ಯೆಯಲ್ಲ. ಒಕ್ಕದ (ಕೊಡವ ಮನೆತನದ) ಹೆಸರು, ತೋಟದ ಹೆಸರು, ಹತ್ತಿರದ ಶಾಲೆ ಅಥವಾ ದೇವಸ್ಥಾನ. ಅವುಗಳಲ್ಲಿ ಹೆಚ್ಚಿನವು ಯಾವ ಫೋನಿನ ನಕ್ಷೆಯಲ್ಲಿಯೂ ಇಲ್ಲ. ಆದರೆ ಇಲ್ಲಿ ಆ ಕೊರತೆಯನ್ನು ತುಂಬುವ ಅವಕಾಶ ನಮ್ಮ ಕೈಯಲ್ಲಿಯೇ ಇದೆ ಎಂಬುದು ನನಗೆ ಈ ಆಪ್ ಹಿಡಿಸಲು ದೊಡ್ಡ ಕಾರಣ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಉಚಿತ ಖಾತೆ ತೆರೆದರೆ ಅಂಗನವಾಡಿ, ಬಸ್ ತಂಗುದಾಣ, ನ್ಯಾಯಬೆಲೆ ಅಂಗಡಿಯಂಥ ಜಾಗಗಳನ್ನು ಆಪ್‌ನಿಂದಲೇ ಸೇರಿಸಬಹುದು. ಕನ್ನಡದ ಹೆಸರನ್ನೂ ಕೊಟ್ಟರೆ ಫೋನನ್ನು ಕನ್ನಡದಲ್ಲಿ ಬಳಸುವವರಿಗೆ ಅದು ಕನ್ನಡದಲ್ಲಿ ಕಾಣುತ್ತದೆ. ಹೊಸ ರಸ್ತೆಯನ್ನು ಆಪ್‌ನಲ್ಲಿ ಎಳೆಯಲು ಬರುವುದಿಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಜಾಲತಾಣವನ್ನು ತೆರೆಯಬೇಕು. ಸೇರಿಸಿದ್ದು ಉಳಿದವರ ಫೋನಿಗೆ ತಲುಪುವುದು ಮುಂದಿನ ನಕ್ಷೆಯ ಅಪ್‌ಡೇಟ್ ಬಂದ ಮೇಲೆ. ನಾನು ಸಾರ್ವಜನಿಕ ಜಾಗಗಳನ್ನು ಮಾತ್ರ ಸೇರಿಸುತ್ತೇನೆ. ಐನ್‌ಮನೆಗಳನ್ನು (ಒಕ್ಕದ ಮೂಲಮನೆಗಳನ್ನು) ಆ ಒಕ್ಕದ ಹಿರಿಯರ ಒಪ್ಪಿಗೆಯಿಲ್ಲದೆ ಗುರುತಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

2025ರಲ್ಲಿ ಯೋಜನೆಯ ಆಡಳಿತದ ಬಗ್ಗೆ ಭಿನ್ನಾಭಿಪ್ರಾಯ ಬಂದು, ಕೊಡುಗೆದಾರರಲ್ಲಿ ಕೆಲವರು ಇದೇ ತಂತ್ರಾಂಶದಿಂದ ಕೋಮ್ಯಾಪ್ಸ್ ಎಂಬ ಪ್ರತ್ಯೇಕ ಆಪ್ ಹೊರತಂದಿದ್ದಾರೆ. ಎರಡರಲ್ಲಿಯೂ ನಕ್ಷೆಯ ಮಾಹಿತಿಯ ಮೂಲ ಒಂದೇ, ಬುಕ್‌ಮಾರ್ಕ್ ಫೈಲುಗಳೂ ಅತ್ತಿಂದಿತ್ತ ಸಾಗುತ್ತವೆ. ಸದ್ಯಕ್ಕೆ ನಾನು ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿಯೇ ಇದ್ದೇನೆ; ಹೊಸದಾಗಿ ಆರಂಭಿಸುವವರು ಎರಡನ್ನೂ ಇಳಿಸಿಕೊಂಡು, ಮಳೆಗಾಲಕ್ಕೆ ಮುಂಚೆ ತಮ್ಮ ಊರಿನ ದಾರಿಗಳಲ್ಲಿ ಪರೀಕ್ಷಿಸಿ ನೋಡಿ ಆರಿಸಿಕೊಳ್ಳಬಹುದು.